ಪವಿತ್ರನಾಡಿನಿಂದ ಬಂದು, ಊರಿನವರಿಗೆ

ಯುದ್ಧದ ಸುದ್ದಿಯಿಂದ ಮುಂದಕ್ಕೆ ಹೋಗುತ್ತಲೇ ಇದ್ದ ಪವಿತ್ರನಾಡಿನ ಯಾತ್ರೆ ಕೊನೆಗೂ ನಡೆಯಿತು. ವಿರಾಜಪೇಟೆ, ಸಿದ್ದಾಪುರ, ಸುಂಟಿಕೊಪ್ಪ, ಮಡಿಕೇರಿ ಕಡೆಯಿಂದ ಹೊರಟವರೆಲ್ಲ ಕ್ಷೇಮವಾಗಿ ಮನೆ ಸೇರಿದ್ದಾರೆ. ಜೋರ್ಡನ್ ದೇಶದಿಂದ ಹಿಡಿದು ಬೆತ್ಲೆಹೇಮ್, ಜೆರುಸಲೇಮ್, ಗಲಿಲೇಯದವರೆಗಿನ ಈ ಯಾತ್ರೆಗೆ ನೆರವಾದವರನ್ನು ಕರೆದು ಶಾಲು ಹೊದಿಸುವ ಯೋಚನೆ ಸಮಿತಿಗಿತ್ತು. ಶಾಲು ಬೇಡ, ಹೆಸರೂ ಬೇಡ ಅಂದವರೇ ಹೆಚ್ಚು. ಹಾಗಾಗಿ ಯಾರಿಂದ ಯಾವ ಕೆಲಸವಾಯಿತು, ಅದರಿಂದ ಯಾವ ತೊಂದರೆ ತಪ್ಪಿತು ಎಂದು ಬರೆದೇ ಋಣ ಒಪ್ಪಿಕೊಳ್ಳುತ್ತಿದ್ದೇವೆ. ಮುಂದೆ ಹೊರಡುವ ತಂಡಕ್ಕೂ ಉಪಯೋಗಕ್ಕೆ ಬಂದೀತು.

ಮೊದಲು ತೋಟದ ಲೆಕ್ಕಪತ್ರ ನೋಡುವ ರೈಟರ್ ಅಣ್ಣನಿಗೆ. ಪಾಸ್‌ಪೋರ್ಟ್ ಕಡತ ಪೂರ್ತಿ ನೋಡಿಕೊಂಡವರು ಅವರೇ. ಊರಿಗೆ ಮರಳುವ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಹೆಸರಿನ ತಕರಾರು. ನಮ್ಮ ಹಿರಿಯರಲ್ಲಿ ಬಹಳ ಮಂದಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಮಾಡುವಾಗ ಅಲ್ಲಿ ಏನನ್ನೋ ತುಂಬಿದರೆ ವೀಸಾದಲ್ಲಿ ಒಂದು ಹೆಸರು, ಟಿಕೆಟ್‌ನಲ್ಲಿ ಇನ್ನೊಂದು ಹೆಸರಾಗಿ ಕೌಂಟರಿನಲ್ಲೇ ನಿಲ್ಲಬೇಕಾಗುತ್ತದೆ. ಅಂಥವರನ್ನೆಲ್ಲ ಮಳೆಗಾಲಕ್ಕೆ ಮುಂಚೆಯೇ ಮೈಸೂರಿಗೆ ಕಳಿಸಿ, ಹೆಸರು ಬಿಡಿಸಿ ಬರೆಸಿ, ಹೊಸ ಪುಸ್ತಕ ತರಿಸಿದರು. ಎರಡನೆಯದು ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕು ಎಂಬ ಮುದ್ರೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಈ ಮುದ್ರೆ ಇರುತ್ತದೆ, ತಪಾಸಣೆ ಬೇಕಾದ ದೇಶಗಳ ಪಟ್ಟಿಯಲ್ಲಿ ಜೋರ್ಡನ್ ಕೂಡ ಒಂದು. ಕೆಲಸಕ್ಕೆ ಹೋಗುವವರಿಗಷ್ಟೇ ಅನುಮತಿ ಬೇಕು, ಯಾತ್ರಿಕರಿಗೆ ಬೇಡ. ಆದರೂ ಇಮಿಗ್ರೇಶನ್‌ನಲ್ಲಿ ಪ್ರಶ್ನೆ ಬಂದೇ ಬರುತ್ತದೆ. ತೋಟದ ಕೂಲಿಯವರ ಲೈನ್ ಮನೆಯಿಂದ ಬಂದ ಅಕ್ಕಂದಿರು ಅಧಿಕಾರಿಯ ಮುಂದೆ ಗಾಬರಿಯಾಗಬಾರದು ಎಂದು ವಾಪಸ್ ಟಿಕೆಟ್, ವೀಸಾ, ಹೋಟೆಲ್ ಬುಕಿಂಗ್ ಮೂರನ್ನೂ ಪಿನ್ ಮಾಡಿ ಪ್ರತಿಯೊಬ್ಬರ ಕೈಗೆ ಕೊಟ್ಟಿದ್ದರು. ಏಜೆನ್ಸಿಯವರ ಫೈಲಿನಲ್ಲಿ ಇದ್ದರೆ ಸಾಕು ಎಂದು ಬಿಡಬೇಡಿ. ಕೌಂಟರಿನ ಮುಂದೆ ಒಬ್ಬೊಬ್ಬರೇ ನಿಲ್ಲುವುದು, ಫೈಲು ಹಿಡಿದವರು ಬೇರೆ ಸಾಲಿನಲ್ಲಿರುತ್ತಾರೆ.

ದಿನಾಂಕ ಗೊತ್ತು ಮಾಡಿದ ಹಿರಿಯ ಬೆಳೆಗಾರರಿಗೂ ವಂದನೆ. ಮಳೆ ಬಿಟ್ಟಿರಬೇಕು, ಅರೇಬಿಕಾ ಕೊಯ್ಲು ಹಿಡಿದಿರಬಾರದು. ಅಲ್ಲಿ ಯೆಹೂದ್ಯರ ಪರ್ಣಶಾಲೆ ಹಬ್ಬದ ನೂಕುನುಗ್ಗಲು ಇಳಿದಿರಬೇಕು, ಬಿಸಿಲೂ ತಗ್ಗಿರಬೇಕು. ಅಕ್ಟೋಬರ್ ದಾಟಿದರೆ ಕಣ, ಕೂಲಿ, ಆಮೇಲೆ ಹುತ್ತರಿ ಹಬ್ಬ ಎಂದು ಯಾರೂ ಕದಲುವುದಿಲ್ಲ. ಈಸ್ಟರ್ ಹೊತ್ತಿಗೆ ಹೋಗೋಣ ಎಂಬ ಆಸೆ ಸಹಜ, ಆದರೆ ಪವಿತ್ರ ವಾರದಲ್ಲಿ ಜೆರುಸಲೇಮಿನ ಗಲ್ಲಿಗಳಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋಗುವುದು ಬುದ್ಧಿವಂತಿಕೆಯಲ್ಲ.

ಈಜಿಪ್ಟ್ ಕಡೆಯ ಸಿನಾಯ್ ಬೆಟ್ಟವನ್ನು ಕೈಬಿಡೋಣ ಎಂದಾಗ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ ಯುವಕರೇ, ನಿಮ್ಮನ್ನೂ ಮರೆತಿಲ್ಲ. ಬೆಟ್ಟದ ಎತ್ತರ 2,285 ಮೀಟರ್, ಸೂರ್ಯೋದಯ ನೋಡಬೇಕಾದರೆ ನಡುರಾತ್ರಿಯಲ್ಲಿ ಹತ್ತಬೇಕು, ಕೊನೆಯ ಭಾಗ ಪೂರ್ತಿ ಒರಟು ಕಲ್ಲಿನ ಮೆಟ್ಟಿಲು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡವರ ತಂಡಕ್ಕೆ ಅದು ಹೇಳಿದ್ದಲ್ಲ.

ಪಕ್ಕದ ಮನೆಯ ಹಾಜಿಯವರಿಗೆ ವಿಶೇಷ ಕೃತಜ್ಞತೆ. ಮೆಕ್ಕಾಗೆ ಉಮ್ರಾ ಯಾತ್ರಿಕರನ್ನು ಕಳಿಸಿ ಪಳಗಿದ ಅವರು ಹೇಳಿಕೊಟ್ಟದ್ದು ಯಾವ ಏಜೆನ್ಸಿಯ ಪುಸ್ತಿಕೆಯಲ್ಲೂ ಇರಲಿಲ್ಲ. ಎಲ್ಲರ ಸೂಟ್‌ಕೇಸಿಗೂ ಒಂದೇ ಬಣ್ಣದ ರಿಬ್ಬನ್. ಕುತ್ತಿಗೆಗೆ ತೆಳು ಚೀಲ, ಅದರಲ್ಲಿ ಪಾಸ್‌ಪೋರ್ಟು. ದಾರಿ ತಪ್ಪಿದರೆ ತೋರಿಸಲು ಹೋಟೆಲಿನ ಹೆಸರನ್ನು ಅರಬ್ಬಿಯಲ್ಲಿ ಬರೆದ ಕಾರ್ಡು. ಆ ಕುತ್ತಿಗೆ ಚೀಲ ಗಡಿಯಲ್ಲಿ ತನ್ನ ಬೆಲೆ ತೋರಿಸಿತು. ಇಸ್ರೇಲಿನವರು ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ, ಬಸ್ ಟಿಕೆಟ್‌ಗಿಂತ ಸ್ವಲ್ಪ ದೊಡ್ಡ ಚೀಟಿ ಕೊಡುತ್ತಾರೆ. ನೀವು ಒಳಗೆ ಬಂದದ್ದಕ್ಕೆ ಅದೇ ದಾಖಲೆ, ಹೋಟೆಲಿನಲ್ಲೂ ಅದನ್ನೇ ಕೇಳುತ್ತಾರೆ. ಅಂಗಿ ಜೇಬಿಗೆ ಹಾಕಿಕೊಂಡರೆ ಒಗೆಯುವಾಗ ಹೋಯಿತು. ಬೀಗ ಹಾಕಿದ ಮನೆಗಳ ಕೀಲಿಕೈ ಗೊಂಚಲೂ ಹಾಜಿಯವರ ಬಳಿಯೇ ಇತ್ತು. ಜೆರುಸಲೇಮಿನಲ್ಲಿ ಯೇಸುಸ್ವಾಮಿಯ ಸಮಾಧಿ ದೇವಾಲಯದ ಕೀಲಿಕೈಯನ್ನು ಶತಮಾನಗಳಿಂದ ಕಾಯುತ್ತಿರುವುದು ಜೂದೆ ಎಂಬ ಮುಸ್ಲಿಂ ಮನೆತನ, ಬಾಗಿಲು ತೆರೆಯುವುದು ನುಸೈಬೆ ಎಂಬ ಇನ್ನೊಂದು ಮುಸ್ಲಿಂ ಮನೆತನ ಎಂದು ತಿಳಿಸಿದಾಗ ಹಾಜಿಯವರು, “ಹಾಗಾದರೆ ನಾನೂ ಬಾಡಿಗೆ ಕೇಳಬಹುದು” ಎಂದರು.

ಬುತ್ತಿ ಕಟ್ಟಿದ ಅಮ್ಮಂದಿರಿಗೆ ಮೊದಲು ನಮಸ್ಕಾರ, ಆಮೇಲೆ ಒಂದು ಮಾತು. ಹಂದಿ ಉಪ್ಪಿನಕಾಯಿ ಬೇಡ ಎಂದಾಗ ಬೇಸರವಾಗಿದ್ದು ಗೊತ್ತು. ಮಾಂಸದ ಪದಾರ್ಥ ಗಡಿ ದಾಟಿಸುವುದೇ ಕಷ್ಟ, ಅದರಲ್ಲೂ ಹಂದಿಮಾಂಸವನ್ನು ಮುಸ್ಲಿಂ ದೇಶವೊಂದರ ಮೂಲಕ ಹೊತ್ತುಕೊಂಡು ಹೋಗುವುದು ಅತಿಥಿಗೆ ಒಪ್ಪುವ ಕೆಲಸವಲ್ಲ. ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿರಸದ ಸೀಸೆಯೂ ಬೇಡ. ಅದು ದ್ರವ, 100 ಮಿಲಿಲೀಟರ್ ದಾಟಿದರೆ ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿ ಒಡೆದರೆ ಬಿಳಿ ಬಟ್ಟೆಯೆಲ್ಲ ಕಪ್ಪು. ನೀವು ಕಟ್ಟಿಕೊಟ್ಟ ಚಟ್ನಿಪುಡಿ, ಚಕ್ಕುಲಿ, ಹುರಿಗಡಲೆ ಕೊನೆಯ ದಿನದವರೆಗೂ ಬಂತು. ಬೆಳಗಿನ ತಿಂಡಿಗೆ ಕಡಲೆ ಅರೆದ ಹುಮ್ಮಸ್, ಆಲಿವ್, ರೊಟ್ಟಿ, ಗಟ್ಟಿ ಮೊಸರು. ಮೊಸರಿಗೆ ಚಟ್ನಿಪುಡಿ ಸೇರಿದ ಮೇಲೆ ಯಾರೂ ಅನ್ನ ಕೇಳಲಿಲ್ಲ. ಗಲಿಲೇಯದಲ್ಲಿ ‘ಪೇತ್ರರ ಮೀನು’ ಎಂದು ಬಡಿಸುವುದು ಬೇರೇನಲ್ಲ, ತಿಲಾಪಿಯಾ, ನಮ್ಮ ಕಡೆಯ ಜಿಲೇಬಿ ಮೀನಿನ ಜಾತಿ. ಇಡಿಯಾಗಿ ಕರಿದು ತಲೆ ಸಮೇತ ತಟ್ಟೆಗೆ ಇಡುತ್ತಾರೆ. ಮುಳ್ಳು ಬಿಡಿಸುವುದು ಗೊತ್ತಿದ್ದವರಿಗೆ ಹಬ್ಬ.

ಔಷಧಿಯ ಹೊಣೆ ಹೊತ್ತ ನರ್ಸ್ ಸಿಸ್ಟರ್‌ಗೆ ಎಷ್ಟು ಹೇಳಿದರೂ ಸಾಲದು. ಮಾತ್ರೆಗಳೆಲ್ಲ ಕೈಚೀಲದಲ್ಲೇ, ಜೊತೆಗೆ ವೈದ್ಯರ ಚೀಟಿ. ಇನ್ಸುಲಿನ್ ದೊಡ್ಡ ಪೆಟ್ಟಿಗೆಯಲ್ಲಿ ಹೋಗಲೇಬಾರದು, ವಿಮಾನದ ಸರಕು ಕೋಣೆಯಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಹೊತ್ತಿನ ಲೆಕ್ಕವನ್ನೂ ಅವರೇ ಬರೆದುಕೊಟ್ಟಿದ್ದರು: ಜೋರ್ಡನ್ ವರ್ಷಪೂರ್ತಿ ನಮಗಿಂತ 2.5 ಗಂಟೆ ಹಿಂದೆ. ಇಸ್ರೇಲ್ ಬೇಸಿಗೆಯಲ್ಲಿ ಅಷ್ಟೇ, ಅಕ್ಟೋಬರ್ ಕೊನೆಯ ಭಾನುವಾರದಿಂದ 3.5 ಗಂಟೆ. ನದಿಯ ಈಚೆ ದಡಕ್ಕೂ ಆಚೆ ದಡಕ್ಕೂ ಗಡಿಯಾರ ಬೇರೆ ಎಂದು ತಿಳಿಯದಿದ್ದರೆ ಸಕ್ಕರೆ ಕಾಯಿಲೆಯವರ ಊಟ, ಮಾತ್ರೆ ಎರಡೂ ಏರುಪೇರು. ಇನ್ನೊಂದು, ಇಳಿತ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ, ಜೆರುಸಲೇಮ್ ಸುಮಾರು 800. ಅಲ್ಲಿಂದ ಒಂದು ಗಂಟೆಯೊಳಗೆ ಬಸ್ಸು ಮೃತ ಸಮುದ್ರದ ದಡಕ್ಕೆ, ಅಂದರೆ ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಕ್ಕೆ ಇಳಿಯುತ್ತದೆ. ಕಿವಿ ಕಟ್ಟುತ್ತದೆ, ಮುಚ್ಚಿಟ್ಟ ಖಾಲಿ ನೀರಿನ ಬಾಟಲಿ ತಾನೇ ಒಳಕ್ಕೆ ಸೊಟ್ಟಗಾಗುತ್ತದೆ. ಒಣ ಗಾಳಿಯಲ್ಲಿ ಬೆವರಿದ್ದೇ ಗೊತ್ತಾಗದು, ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು. ಮೃತ ಸಮುದ್ರಕ್ಕೆ ಇಳಿಯುವ ದಿನ ಗಡ್ಡ ಬೋಳಿಸಬೇಡಿ, ಬೆಳ್ಳಿ ಉಂಗುರ ತೆಗೆದಿಡಿ, ಹಳೇ ಚಪ್ಪಲಿ ಹಾಕಿಕೊಳ್ಳಿ, ಅಂಗಾತ ಮಲಗಿ. ಈಜು ಬಲ್ಲವರೇ ಅಲ್ಲಿ ತೊಂದರೆಗೆ ಸಿಗುವುದು: ಮಗುಚಿ ಕೈ ಬೀಸಲು ಹೋಗುತ್ತಾರೆ, ಮೂರರಲ್ಲೊಂದು ಪಾಲು ಉಪ್ಪಿರುವ ನೀರು ಕಣ್ಣಿಗೆ ಹೋಗುತ್ತದೆ, ಕಾಲು ಕೆಳಕ್ಕೆ ಬರುವುದೇ ಇಲ್ಲ.

ಫಾದರ್ ಬಗ್ಗೆ ಬೇರೆಯೇ ಬರೆಯಬೇಕು. ತಾನು ಗುರು ಎಂಬುದಕ್ಕೆ ಧರ್ಮಾಧ್ಯಕ್ಷರ ಕಚೇರಿಯ ಪತ್ರವನ್ನು ಮೊದಲೇ ತರಿಸಿದ್ದರು. ಅದಿಲ್ಲದೆ ಅಲ್ಲಿ ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಅರ್ಪಿಸಲು ಪೀಠ ಕೇಳಲು ಹೋಗಬಾರದು. ಬಲಿಪೂಜೆಗೆ ಸ್ಥಳ ಕಾದಿರಿಸುವುದು ಯಾಫಾ ದ್ವಾರದ ಬಳಿಯ ಫ್ರಾನ್ಸಿಸ್ಕನ್ ಕಚೇರಿಯ ಮೂಲಕ, ತಿಂಗಳುಗಳ ಮುಂಚೆ. ಸಮಾಧಿ ದೇವಾಲಯದಲ್ಲಿ ಯಾರು ಎಷ್ಟು ಹೊತ್ತಿಗೆ, ಎಲ್ಲಿ ಪೂಜೆ ಮಾಡಬೇಕು ಎಂಬುದು 1852ರ ಒಟ್ಟೋಮನ್ ತುರ್ಕರ ಕಟ್ಟಳೆಯಂತೆ ಇಂದಿಗೂ ನಡೆಯುತ್ತದೆ. ಗ್ರೀಕರು, ಅರ್ಮೇನಿಯದವರು, ಕ್ಯಾಥೊಲಿಕರು ಒಂದೇ ಸೂರಿನಡಿ ಪಾಳಿಯಲ್ಲಿ ಬರುವುದರಿಂದ ಕೊಟ್ಟ ಹೊತ್ತು ಮುಗಿದರೆ ಮುಗಿಯಿತು. ಕನ್ನಡ ಬಲಿಪೂಜೆಯ ಹಾಳೆಗಳನ್ನು ಊರಿನಿಂದಲೇ ಒಯ್ದದ್ದು ಜಾಣತನ. ಮುಂಜಾನೆ ಗುಂಪು ಸೇರುವ ಮೊದಲು ಹೋದರೆ ಸಮಾಧಿಯೊಳಗೆ ಮೊಣಕಾಲೂರಲು ಹೊತ್ತು ಸಿಗುತ್ತದೆ. ತಡವಾದರೆ ಗಂಟೆಗಟ್ಟಲೆ ಸಾಲು, ಒಳಗೆ ಮೂರು ನಾಲ್ಕು ಜನ, ಒಂದು ಕ್ಷಣ, ಹೊರಗೆ. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದುದನ್ನು ನೆನೆಯುವ ಶಿಲುಬೆ ಹಾದಿಯ ಮೊದಲ ಒಂಬತ್ತು ಸ್ಥಳ ಗಲ್ಲಿಗಳಲ್ಲಿವೆ, ಉಳಿದ ಐದು ಈ ದೇವಾಲಯದೊಳಗೇ. ಗಲ್ಲಿಯ ಕಲ್ಲು ಶತಮಾನಗಳ ಕಾಲ್ತುಳಿತಕ್ಕೆ ನುಣುಪಾಗಿದೆ. ತೋಟದ ಜಾರುಮಣ್ಣಿನಲ್ಲಿ ನಡೆದು ರೂಢಿಯಿದ್ದವರೂ ಅಲ್ಲಿ ಜಾರುತ್ತಾರೆ. ರಬ್ಬರ್ ಅಟ್ಟೆಯ ಬೂಟು ಬೇಕು.

ಗಾಯನ ವೃಂದದವರು ಈ ಯಾತ್ರೆಗೆ ಕೊಟ್ಟದ್ದು ಎಲ್ಲಕ್ಕಿಂತ ದೊಡ್ಡದು ಎಂಬುದು ಸಮಿತಿಯ ಅಭಿಪ್ರಾಯ, ಬೇರೆಯವರು ಬೇರೆ ಹೇಳಬಹುದು. 1792ರಿಂದ ಸಂತ ಅನ್ನಮ್ಮನವರ ದೇವಾಲಯವಿರುವ ವಿರಾಜಪೇಟೆಯವರಿಗೆ ಜೆರುಸಲೇಮಿನ ಸಂತ ಅನ್ನಮ್ಮನವರ ದೇವಾಲಯ ತಪ್ಪಿಸುವಂಥದ್ದಲ್ಲ. ಸಿಂಹ ದ್ವಾರದ ಒಳಗೆ, ಬೆತ್ಸಥಾ ಕೊಳದ ಪಕ್ಕದಲ್ಲೇ ಇದೆ. 38 ವರ್ಷ ಕಾಯಿಲೆ ಬಿದ್ದಿದ್ದವನನ್ನು ಯೇಸುಸ್ವಾಮಿ ಗುಣಪಡಿಸಿದ ಕೊಳ ಅದು. 12ನೇ ಶತಮಾನದ ಕಟ್ಟಡ, ಸುಲ್ತಾನ ಸಲಾದೀನನ ಕಾಲದಲ್ಲಿ ಮದರಸಾ ಆಯಿತು, ಆ ಅರಬ್ಬಿ ಶಾಸನ ಬಾಗಿಲ ಮೇಲೆ ಇನ್ನೂ ಇದೆ. 1856ರಲ್ಲಿ ಒಟ್ಟೋಮನ್ ಸುಲ್ತಾನ ಅದನ್ನು ಫ್ರಾನ್ಸಿಗೆ ಕೊಟ್ಟ. ಬರೀ ಕಲ್ಲು, ಅಲಂಕಾರವಿಲ್ಲ, ಪರದೆಯಿಲ್ಲ. ಅದಕ್ಕೇ ಹಾಡಿದ ಸ್ವರ ನಿಲ್ಲಿಸಿದ ಮೇಲೂ ಕೆಲವು ಸೆಕೆಂಡು ಮೇಲ್ಛಾವಣಿಯಲ್ಲಿ ಸುತ್ತುತ್ತದೆ. ನಮ್ಮ ಭಾನುವಾರದ ವೇಗದಲ್ಲಿ ಹಾಡಿದರೆ ಒಂದು ಸಾಲಿನ ಮೇಲೆ ಇನ್ನೊಂದು ಬಿದ್ದು ಪದವೇ ಕೇಳದು. ವೃಂದದವರು ಇದನ್ನು ಮೊದಲೇ ತಿಳಿದು ವಿಳಂಬದ ಗೀತೆಯೊಂದನ್ನು ಆರಿಸಿದ್ದರು: ಸಾಲಿನ ಕೊನೆಯಲ್ಲಿ ಪೂರ್ತಿ ಒಂದು ಉಸಿರಿನ ಬಿಡುವು, ಚಪ್ಪಾಳೆಯಿಲ್ಲ, ವಾದ್ಯವಿಲ್ಲ, ಸ್ವರ ದೊಡ್ಡದು ಮಾಡುವಂತಿಲ್ಲ. ನಡುವಿನ ಬೆಂಚುಗಳಲ್ಲಿ ಕುಳಿತ ಬೇರೆ ದೇಶದ ಯಾತ್ರಿಕರು ಎದ್ದು ಹೋಗದೆ ಉಳಿದರು. ಅಲ್ಲಿ ಭಕ್ತಿಗೀತೆಗೆ ಮಾತ್ರ ಅವಕಾಶ, ಸಿನಿಮಾ ಧಾಟಿಯ ಆಸೆ ಬೇಡ.

ಪವಿತ್ರ ಸ್ಥಳಗಳಿಗೆ ಮುಟ್ಟಿಸಿ ತರಲೆಂದು ಊರಿನವರು ನಂಬಿ ಕೊಟ್ಟ ಜಪಸರಗಳ ವ್ಯವಸ್ಥೆ ಮಾಡಿದ ಟೈಲರ್ ಅಕ್ಕನಿಗೆ ಕೈಮುಗಿಯುತ್ತೇವೆ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದರೆ ಬೆಂಗಳೂರು ತಲುಪುವಷ್ಟರಲ್ಲಿ ಗಂಟು ಬಿದ್ದು ಒಂದೇ ಸರವಾಗುತ್ತದೆ. ಅವರು ಕತ್ತರಿಸಿ ಉಳಿದ ಬಟ್ಟೆಯಲ್ಲಿ ಬೆರಳುದ್ದದ ಚೀಲ ಹೊಲಿದು, ಪ್ರತಿಯೊಂದರಲ್ಲಿ ಒಂದು ಜಪಸರ, ಒಂದು ಚೀಟಿ ಹಾಕಿದರು. ಚೀಟಿಯಲ್ಲಿ ಮನೆಹೆಸರು ಪೆನ್ಸಿಲ್‌ನಲ್ಲಿ. ಕಾರಣವಿದೆ. ಸಮಾಧಿ ದೇವಾಲಯದ ಬಾಗಿಲಲ್ಲೇ ಯೇಸುಸ್ವಾಮಿಯ ದೇಹಕ್ಕೆ ತೈಲ ಹಚ್ಚಿದ್ದರ ನೆನಪಿನ ಕಲ್ಲಿದೆ. ಈಗಿರುವ ಕೆಂಪು ಹಾಸು 1810ರದ್ದು. ಜನ ಅದಕ್ಕೆ ಸುಗಂಧ ತೈಲ ಸುರಿದು ಒರೆಸುತ್ತಿರುತ್ತಾರೆ, ಇಟ್ಟದ್ದೆಲ್ಲ ಎಣ್ಣೆ ಹೀರುತ್ತದೆ. ಪೆನ್ನಿನ ಶಾಯಿ ಹರಡಿಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಬೆತ್ಲೆಹೇಮಿನಲ್ಲಿ ಯೇಸುಸ್ವಾಮಿ ಹುಟ್ಟಿದರೆನ್ನುವ ಗುಹೆಯಲ್ಲಿ 14 ಮೂಲೆಯ ಬೆಳ್ಳಿ ನಕ್ಷತ್ರಕ್ಕೆ ಮುಟ್ಟಿಸುವಾಗಲೂ ಇವೇ ಚೀಲಗಳು ಕೈಗೆ ಸುಲಭವಾದವು. ಅಲ್ಲಿ ಬಗ್ಗಿ, ಮೊಣಕಾಲೂರಿ, ಎದ್ದು ಹೋಗುವುದಷ್ಟೇ, ಹಿಂದಿನವರು ಕಾಯುತ್ತಿರುತ್ತಾರೆ. ಆ ಗುಹೆಯ ಮೇಲಿನ ದೇವಾಲಯದ ಮುಂಬಾಗಿಲೂ 1.2 ಮೀಟರ್ ಎತ್ತರದ್ದು. ಉದ್ದದವರು ಮೊದಲು ತಲೆ, ಆಮೇಲೆ ಬೆನ್ನಿನ ಚೀಲ ಎಂದು ನೆನಪಿಡಲಿ, ಮೇಲಿನ ಕಲ್ಲಿಗೆ ತಾಗುವುದು ಚೀಲವೇ.

ತಿತಿಮತಿಯ ಕಾಡುಹಾದಿಯಲ್ಲಿ ಆನೆ ಕಂಡು ಲೈಟು ತಗ್ಗಿಸಿ, ಹಾರ್ನ್ ಮಾಡದೆ ಕಾದು, ಆಮೇಲೂ ಮೂರು ಗಂಟೆ ಮುಂಚಿತವಾಗಿ ವಿಮಾನ ನಿಲ್ದಾಣ ಮುಟ್ಟಿಸಿದ ಡ್ರೈವರ್ ಅಣ್ಣನಿಗೆ, ತೋಟ ಕಾದವರಿಗೆ, ದನ ಕರೆದವರಿಗೆ, ಪ್ರತಿ ಸಂಜೆ ಜಪಸರ ಪ್ರಾರ್ಥನೆ ನಡೆಸಿದ ಮನೆಗಳಿಗೆ ವಂದನೆ.

ಇನ್ನು ತಂದದ್ದು, ತರದೇ ಇದ್ದದ್ದು. ಜೋರ್ಡನ್ ನದಿಯ ನೀರು ತಂದಿದ್ದೇವೆ. ಯೇಸುಸ್ವಾಮಿಯ ಸ್ನಾನದೀಕ್ಷೆಯ ಸ್ಥಳದಲ್ಲಿ ನದಿ ಕೆಲವೇ ಮೀಟರ್ ಅಗಲ, ಬಣ್ಣ ಕೆಸರು. ಕುಶಾಲನಗರದ ಕಾವೇರಿ ನೋಡಿದವರಿಗೆ ಇದೇನಾ ಅನ್ನಿಸುತ್ತದೆ. ಆ ನೀರನ್ನು ಪ್ರೋಕ್ಷಣೆಗೆ ಮಾತ್ರ ಇಟ್ಟುಕೊಳ್ಳಿ, ಕುಡಿಯಬೇಡಿ, ಮಕ್ಕಳಿಗೆ ಕುಡಿಸಬೇಡಿ; ಕೆಲವು ವಾರಕ್ಕೆ ಹಸಿರುಗಟ್ಟುತ್ತದೆ. ಗೆತ್ಸೆಮನೆಯ ಮಣ್ಣು, ಆಲಿವ್ ಗಿಡ ಬೇಕು ಎಂದಿದ್ದವರು ಕ್ಷಮಿಸಬೇಕು. ಪರವಾನಗಿಯಿಲ್ಲದೆ ಮಣ್ಣು, ಸಸಿ ದೇಶದೊಳಗೆ ತರುವಂತಿಲ್ಲ, ಮಣ್ಣಿನೊಂದಿಗೆ ಏನು ಬರುತ್ತದೋ ಯಾರಿಗೆ ಗೊತ್ತು. ಕಾಂಡಕೊರಕ, ಎಲೆತುಕ್ಕು ಕಂಡ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ.

ಜಪಸರದ ಚೀಲಗಳು ಈ ಭಾನುವಾರದ ಎರಡನೇ ಬಲಿಪೂಜೆಯ ನಂತರ ಸಿಸ್ಟರ್ ಬಳಿ ಸಿಗುತ್ತವೆ, ಮನೆಹೆಸರು ಹೇಳಿ ತೆಗೆದುಕೊಳ್ಳಿ. ನೀರಿಗೆ ಬರುವವರು ಮುಚ್ಚಳ ಬಿಗಿಯಾದ ಸಣ್ಣ ಸೀಸೆ ತನ್ನಿ. ರೈಟರ್ ಅಣ್ಣನ ಕಡತದ ಒಂದು ಪ್ರತಿ ಧರ್ಮಕೇಂದ್ರದ ಕಚೇರಿಯಲ್ಲಿದೆ. ಮುಂದಿನ ಸಲ ಹೊರಡುವವರು ಈಗಲೇ ಬಂದು ಪಾಸ್‌ಪೋರ್ಟಿನ ಹೆಸರಿನ ಪುಟವನ್ನು ಅವರಿಗೆ ತೋರಿಸಿ.