ಯುಗಾದಿಯಿಂದ ಮತ್ತೆ ಕುಳಿತು ಉಣ್ಣೋಣ, ಭಾನುವಾರ ರಾತ್ರಿ ಮಾತ್ರ ಒಲೆ ಹಚ್ಚುವುದಿಲ್ಲ

ಧಾರವಾಡ
21 ಮಾರ್ಚ್ 2022

ನಮ್ಮ ಖಾನಾವಳಿಯಲ್ಲಿ ಉಂಡವರಿಗೆ, ಮನೆಗೆ ಬುತ್ತಿ ತರಿಸಿಕೊಂಡವರಿಗೆ, ದೂರದಿಂದ ಕಡಕ್ ರೊಟ್ಟಿ ಕೊಂಡವರಿಗೆ, ಎಲ್ಲರಿಗೂ ಸಂಘದ ಹದಿನಾಲ್ಕು ಸದಸ್ಯೆಯರ ನಮಸ್ಕಾರ.

ಏಪ್ರಿಲ್ 2ರ ಶನಿವಾರ ಯುಗಾದಿ. ಅಂದಿನಿಂದ ನಮ್ಮ ಮಹಿಳಾ ಸಹಕಾರ ಸಂಘದ ಖಾನಾವಳಿಯಲ್ಲಿ ಮೊದಲಿನಂತೆ ಕುಳಿತು ಉಣ್ಣಬಹುದು. ಮನೆಮನೆಗೆ ಕಳಿಸುತ್ತಿದ್ದ ರಾತ್ರಿಯ ಬುತ್ತಿ ಮಾರ್ಚ್ 31ಕ್ಕೆ ನಿಲ್ಲುತ್ತದೆ. ಮಧ್ಯಾಹ್ನದ ಬುತ್ತಿ ಕೆಲವರಿಗೆ ಮುಂದುವರಿಯುತ್ತದೆ. ಯಾರಿಗೆ ಎಂಬುದನ್ನು ಕೆಳಗೆ ಬರೆದಿದ್ದೇನೆ. ಇನ್ನೊಂದು ಹೊಸ ನಿಯಮವೂ ಇದೆ. ಇನ್ನು ಮುಂದೆ ಪ್ರತಿ ಭಾನುವಾರ ರಾತ್ರಿ ಖಾನಾವಳಿ ಮುಚ್ಚಿರುತ್ತದೆ.

ಗೋಡೆಗೆ ಒಂದು ಚೀಟಿ ಅಂಟಿಸಿದ್ದರೂ ಇಷ್ಟು ವಿಷಯ ತಿಳಿಯುತ್ತಿತ್ತು. ಆದರೆ ಈ ಠರಾವು ಮಾಡಲು ನಮಗೆ ಮೂರು ಸಭೆಗಳು ಬೇಕಾದವು. ಎರಡು ಸಭೆಗಳಲ್ಲಿ ಒಮ್ಮತ ಬರಲಿಲ್ಲ, ಒಂದರಲ್ಲಿ ಇಬ್ಬರು ಅತ್ತರು. ನೀವು ನಮ್ಮ ಕೈಯ ಅನ್ನ ಉಂಡವರು, ಒಳಗೆ ಏನಾಯಿತು ಎಂಬುದು ನಿಮಗೂ ಗೊತ್ತಿರಲಿ ಎಂದು ಈ ಪತ್ರ.

ಕೊರೊನಾ ಹರಡುತ್ತಿದೆ, 2020ರ ಮಾರ್ಚ್ 14ರಿಂದ ಒಂದು ವಾರ ಕಾಲೇಜು, ಚಿತ್ರಮಂದಿರ, ಮಾಲ್ ಎಲ್ಲ ಬಂದ್ ಎಂದು ಸರ್ಕಾರ ಹೇಳಿತು. ನಮ್ಮ ತಿಂಗಳ ಊಟದವರಲ್ಲಿ ಮುಕ್ಕಾಲು ಪಾಲು ಓದುವ ಮಕ್ಕಳು. ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯದವರ ಜೊತೆಗೆ, ಸಪ್ತಾಪುರದ ಕೋಣೆಗಳಲ್ಲಿ ಇಬ್ಬರು ಮೂವರು ಸೇರಿ ಇದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ರಾಯಚೂರು, ಕೊಪ್ಪಳ, ವಿಜಯಪುರದ ಹುಡುಗ ಹುಡುಗಿಯರೂ ಇದ್ದರು. "ಮುಂದಿನ ವಾರ ಬರುತ್ತೇವೆ, ಮಾವಶಿ" ಎಂದು ಹೇಳಿ, ಪುಸ್ತಕಗಳನ್ನು ಕೋಣೆಯಲ್ಲೇ ಬಿಟ್ಟು ಬಸ್ ಹತ್ತಿದರು. ಅವರಲ್ಲಿ ಹಲವರನ್ನು ಮತ್ತೆ ನೋಡುವಾಗ ಒಂದೂವರೆ ವರ್ಷ ಕಳೆದಿತ್ತು. ಕೆಲವರು ಬರಲೇ ಇಲ್ಲ. ಪರೀಕ್ಷೆಯ ಆಸೆ ಬಿಟ್ಟು ಊರಲ್ಲೇ ಹೊಲಕ್ಕೆ ಇಳಿದರು ಎಂದು ಆಮೇಲೆ ಕೇಳಿದೆವು.

ಆ ವರ್ಷದ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಜಿಲ್ಲೆಯಲ್ಲಿ ಆಗಲೇ ನಿರ್ಬಂಧಗಳಿದ್ದರೂ, ಹಬ್ಬದ ಹೋಳಿಗೆಯನ್ನು ಕಟ್ಟಿಸಿಕೊಂಡು ಹೋಗಲಾದರೂ ಜನ ಬಂದೇ ಬರುತ್ತಾರೆ ಎಂದು ನಂಬಿದ್ದೆವು. ಮುಂಗಡ ಕೊಟ್ಟವರ ಹೆಸರುಗಳು ವಹಿಯಲ್ಲಿ ಎರಡು ಪುಟ ತುಂಬಿದ್ದವು. 24ರ ಸಂಜೆ ಕಡಲೆಬೇಳೆ ಬೆಂದಿತ್ತು, ಬೆಲ್ಲ ಸೇರಿತ್ತು, ಹೂರಣ ರುಬ್ಬಿ ದೊಡ್ಡ ಪಾತ್ರೆಯಲ್ಲಿ ತೆಗೆದಿಟ್ಟಾಗಿತ್ತು, ಕಣಕ ನೆನೆಯುತ್ತಿತ್ತು. ರಾತ್ರಿ ಎಂಟಕ್ಕೆ ಪ್ರಧಾನಮಂತ್ರಿಯವರ ಭಾಷಣ. ಮಧ್ಯರಾತ್ರಿಯಿಂದ ಇಪ್ಪತ್ತೊಂದು ದಿನ ಯಾರೂ ಮನೆಯ ಹೊಸ್ತಿಲು ದಾಟುವಂತಿಲ್ಲ ಎಂದರು. ನಮ್ಮ ಹಿರಿಯಕ್ಕ ಕೈಯಲ್ಲಿ ಹೂರಣದ ಉಂಡೆ ಹಿಡಿದುಕೊಂಡೇ ನಿಂತಿದ್ದಳು. ನಂತರ ಏನೂ ಮಾತನಾಡದೆ ಅದನ್ನು ಕಣಕದೊಳಗಿಟ್ಟು ಮುಚ್ಚಿ ಲಟ್ಟಿಸತೊಡಗಿದಳು. ಹೂರಣ ಕೆಡುತ್ತದಲ್ಲ, ಮಾಡಲೇಬೇಕಿತ್ತು. ಬೆಳಗಾಗುವ ಹೊತ್ತಿಗೆ ಹೋಳಿಗೆ ರಾಶಿಯಾಗಿ ಬಿದ್ದಿತ್ತು. ಊರಿಗೆ ಹೋಗಲಾಗದೆ ಕೋಣೆಗಳಲ್ಲಿ ಉಳಿದಿದ್ದ ಮಕ್ಕಳಿಗೆ, ರಸ್ತೆಯಲ್ಲಿ ನಿಂತಿದ್ದ ಪೊಲೀಸರಿಗೆ, ಓಣಿಯ ಮನೆಗಳಿಗೆ ಹಂಚಿದೆವು. ಮುಂಗಡ ಕೊಟ್ಟವರು ಮಾತ್ರ ಬರಲಾಗಲಿಲ್ಲ.

ಬುತ್ತಿಯ ಕೆಲಸ ಶುರುವಾದದ್ದು ಹೊಟ್ಟೆಪಾಡಿಗೆ. ನಮ್ಮಲ್ಲಿ ಒಬ್ಬಳ ಗಂಡ ಆಟೋ ಓಡಿಸುವವನು, ಇನ್ನೊಬ್ಬಳವನು ಬಣ್ಣ ಹಚ್ಚುವವನು. ಇಬ್ಬರಿಗೂ ಒಂದೇ ದಿನ ಕೆಲಸ ನಿಂತಿತು. ಮೊದಲ ಎರಡು ತಿಂಗಳು ಸಂಘದ ಮೀಸಲು ನಿಧಿಯಿಂದ ಎಲ್ಲರಿಗೂ ಅರ್ಧ ಸಂಬಳ ಕೊಟ್ಟೆವು. ಅದು ಕರಗುತ್ತ ಬಂದಾಗ ಬುತ್ತಿ ಕಟ್ಟಲು ನಿಂತೆವು. ಖಾನಾವಳಿಯ ಅಡುಗೆಮನೆ ಚಿಕ್ಕದು, ಹದಿನಾಲ್ಕು ಮಂದಿ ದೂರ ದೂರ ಕುಳಿತು ರೊಟ್ಟಿ ಬಡಿಯುವಷ್ಟು ಜಾಗವಿಲ್ಲ. ಹಾಗಾಗಿ ಹಿಟ್ಟನ್ನು ಹಂಚಿಕೊಂಡು ಹೋಗಿ, ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ರೊಟ್ಟಿ ಮಾಡತೊಡಗಿದೆವು. ಪಲ್ಯ, ಬೇಳೆಸಾರು, ಅನ್ನ ಮಾತ್ರ ಮೂವರು ಸೇರಿ ಖಾನಾವಳಿಯಲ್ಲಿ ಮಾಡುತ್ತಿದ್ದರು. ಕಡಕ್ ರೊಟ್ಟಿಯನ್ನು ಬೆಂಗಳೂರು, ಪುಣೆಯವರಿಗೆ ಅಂಚೆಯಲ್ಲಿ ಕಳಿಸಲು ಕಲಿತದ್ದೂ ಆಗಲೇ. ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ, ಮೂಲೆಗಳಿಗೆ ಹತ್ತಿ ತುರುಕಿ ಕಳಿಸುತ್ತಿದ್ದೆವು. ಮುರಿಯದೆ ತಲುಪಿತು ಎಂದು ಮೊದಲ ಫೋನ್ ಬಂದ ದಿನದ ಸಂತೋಷವನ್ನು ನಾನು ಮರೆತಿಲ್ಲ.

ಈಗ ಆ ಕಾಲ ಮುಗಿದಿದೆ, ಎಲ್ಲರೂ ವಾಪಸ್ ಖಾನಾವಳಿಗೆ ಬನ್ನಿ ಎಂದು ನಾನು ಜನವರಿಯ ಅಲೆ ಇಳಿದ ಮೇಲೆ ಹೇಳಿದೆ. ಎಲ್ಲರೂ ಹಿಗ್ಗುತ್ತಾರೆ ಎಂದು ತಿಳಿದಿದ್ದೆ. ಹಾಗೆ ಆಗಲಿಲ್ಲ.

ಒಬ್ಬ ಸದಸ್ಯೆ ಹೇಳಿದಳು: ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲ್. ಬುತ್ತಿಯ ಆರ್ಡರ್ ಬರುತ್ತಿದ್ದದ್ದೂ ಅದರಲ್ಲೇ, ಮಗಳ ಒಂಬತ್ತನೇ ತರಗತಿಯ ಆನ್‌ಲೈನ್ ಪಾಠ ನಡೆಯುತ್ತಿದ್ದದ್ದೂ ಅದರಲ್ಲೇ. ಹಂಚಿನ ಎದುರು ತಾಯಿ, ಹಿಟ್ಟಿನ ಡಬ್ಬಕ್ಕೆ ಮೊಬೈಲ್ ಆನಿಸಿಕೊಂಡು ಮಗಳು. ರೊಟ್ಟಿ ಬಡಿಯುವ ಸದ್ದಿನ ನಡುವೆ ಬೀಜಗಣಿತ. "ಅವಳು ಯಾವ ಲೆಕ್ಕಕ್ಕೆ ತಡವರಿಸುತ್ತಾಳೆ ಎಂದು ನನಗೆ ಗೊತ್ತಾಗಿತ್ತು. ನಾನು ಐದನೆಯ ತರಗತಿ ಓದಿದವಳು. ಈಗ ಅವಳು ಶಾಲೆಗೆ ಹೋಗುತ್ತಾಳೆ, ನಾನು ಇಲ್ಲಿಗೆ ಬರುತ್ತೇನೆ, ರಾತ್ರಿ ನಾನು ಮನೆ ಸೇರುವಷ್ಟರಲ್ಲಿ ಮಲಗಿರುತ್ತಾಳೆ." ಅವಳು ಸಭೆಯಲ್ಲಿ ಅತ್ತದ್ದು ಈ ಮಾತಿಗೆ.

ಅತ್ತ ಇನ್ನೊಬ್ಬಳ ಮಾತು ಬೇರೆ. ಅವಳಿಗೆ ಮನೆಯೇ ಸೆರೆಯಾಗಿತ್ತು. ಕೆಲಸ ಕಳೆದುಕೊಂಡು ಕುಳಿತ ಗಂಡನಿಗೆ ರೊಟ್ಟಿಯ ಸದ್ದು ಕೇಳಿದರೆ ತಲೆ ಸಿಡಿಯುತ್ತಿತ್ತು. ಹಿಟ್ಟು ಚೆಲ್ಲಿದರೆ ಜಗಳ, ಹೊಗೆಗೆ ಜಗಳ. ಕೊಟ್ಟ ಲೆಕ್ಕದ ರೊಟ್ಟಿ ಮುಗಿಸಲು ಅವಳು ನಸುಕಿನ ಮೂರಕ್ಕೆ ಏಳುತ್ತಿದ್ದಳು ಎಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ. "ಇಲ್ಲಿ ನಾಲ್ಕು ಜನರ ನಡುವೆ ಕುಳಿತು ರೊಟ್ಟಿ ಬಡಿಯುವಾಗ ನನಗೆ ಉಸಿರು ಬರುತ್ತದೆ. ಬೇಗ ಬಾಗಿಲು ತೆಗೆಯಿರಿ" ಎಂದಳು.

ಇಬ್ಬರ ಮಾತನ್ನೂ ನಾನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ. ಯಾವುದನ್ನೂ ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಲಾಕ್‌ಡೌನಿನ ಮುಂಜಾವುಗಳನ್ನು ನೆನೆದರೆ ಈಗಲೂ ಮನಸ್ಸು ಹಗುರವಾಗುತ್ತದೆ. ಬಸ್ಸಿಲ್ಲ, ಹಾರನ್ ಇಲ್ಲ. ಓಣಿಯಲ್ಲಿ ನಡೆದು ಹೋಗುವಾಗ ಒಂದು ಮನೆಯಿಂದ ರೊಟ್ಟಿ ಬಡಿಯುವ ಸದ್ದು, ಅದು ಹಿಂದೆ ಬೀಳುವಷ್ಟರಲ್ಲಿ ಮುಂದಿನ ತಿರುವಿನಲ್ಲಿ ಇನ್ನೊಂದು. ಸದ್ದಿನಿಂದಲೇ ಯಾರ ಕೈ ಎಂದು ಗುರುತು ಹಿಡಿಯುತ್ತಿದ್ದೆ. ಆದರೆ ಆ ದಿನಗಳು ಚೆನ್ನಾಗಿದ್ದವು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. 2021ರ ಮೇ ತಿಂಗಳನ್ನು ಕಂಡವರು ಯಾರೂ ಹಾಗೆ ಹೇಳಲಾರರು.

ಆ ಮೇ ತಿಂಗಳ ಒಂದು ಡಬ್ಬಿ ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಇನ್ನೂ ಇದೆ. ಮೂರು ಅಂತಸ್ತಿನ ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಹೆಸರು ಕೊರೆಸಿದ್ದಾರೆ. ಒಬ್ಬಂಟಿಯಾಗಿ ಇದ್ದ ನಿವೃತ್ತ ಮಾಸ್ತರರದು ಅದು. ಖಾಲಿ ಡಬ್ಬಿ ಕಳಿಸಬಾರದು ಎಂಬುದು ಅವರ ಪಟ್ಟು. ತೊಳೆದು ಒರೆಸಿ, ಒಳಗೆ ಏನಾದರೂ ಇಟ್ಟೇ ಕಳಿಸುತ್ತಿದ್ದರು. ಒಂದು ದಿನ ಹಿತ್ತಿಲಿನ ಕರಿಬೇವು, ಒಂದು ದಿನ ಎರಡು ನಿಂಬೆಹಣ್ಣು, ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಆರು ಹೆಜ್ಜೆ ಹಿಂದೆ ಸರಿದು "ಮಾಸ್ತರೇ" ಎಂದು ಕೂಗಿದರೆ, ಅವರು ಕಿಟಕಿಯಿಂದ ಕೈ ಎತ್ತುತ್ತಿದ್ದರು. ಒಂದು ಮಧ್ಯಾಹ್ನ ಕೈ ಕಾಣಲಿಲ್ಲ. ಹಿಂದಿನ ರಾತ್ರಿಯ ಡಬ್ಬಿ ಮುಚ್ಚಳ ತೆರೆಯದೆ ಕಟ್ಟೆಯ ಮೇಲೆಯೇ ಇತ್ತು. ಬಾಗಿಲು ತೆಗೆಸಿ ಆಸ್ಪತ್ರೆಗೆ ಸೇರಿಸಿದೆವು. ಅವರು ಮರಳಿ ಬರಲಿಲ್ಲ. ಮಗ ವಿದೇಶದಲ್ಲಿದ್ದಾರೆ. ಈ ತಿಂಗಳ 27ರಿಂದ ಹೊರದೇಶದ ವಿಮಾನಗಳು ಮೊದಲಿನಂತೆ ಹಾರುತ್ತವೆ ಎಂದು ಪತ್ರಿಕೆಯಲ್ಲಿ ಓದಿದ ದಿನ ಹಿರಿಯಕ್ಕ ಆ ಡಬ್ಬಿಯನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಮತ್ತೆ ಮೇಲಿಟ್ಟಳು.

ಮಧ್ಯಾಹ್ನದ ಬುತ್ತಿಯನ್ನು ಪೂರ್ತಿ ನಿಲ್ಲಿಸಬಾರದು ಎಂದು ನಾವು ತೀರ್ಮಾನಿಸಿದ್ದು ಈ ಡಬ್ಬಿಯನ್ನು ಎದುರಿಗಿಟ್ಟುಕೊಂಡು. ಒಬ್ಬಂಟಿಯಾಗಿರುವ ಹಿರಿಯರಿಗೆ, ಬಾಣಂತಿಯರಿಗೆ, ಕಾಯಿಲೆಯಿಂದ ಮಲಗಿರುವವರಿಗೆ ಮಧ್ಯಾಹ್ನದ ಬುತ್ತಿ ಎಂದಿನಂತೆ ಬರುತ್ತದೆ. ಸಾಗಣೆಗೆ ಪ್ರತ್ಯೇಕ ಹಣವಿಲ್ಲ. ತರುವವಳು ಡಬ್ಬಿಯನ್ನು ಇಟ್ಟು ಹೋಗುವುದಿಲ್ಲ, ಕೈಗೆ ಕೊಟ್ಟು, ಎರಡು ಮಾತಾಡಿ ಬರುತ್ತಾಳೆ. ನಿಮ್ಮ ಓಣಿಯಲ್ಲಿ ಅಂಥವರು ಯಾರಾದರೂ ಇದ್ದರೆ ದಯವಿಟ್ಟು ನಮಗೆ ತಿಳಿಸಿ. ಕೈಕಾಲು ಗಟ್ಟಿಯಿರುವ ಉಳಿದ ಗ್ರಾಹಕರು ಖಾನಾವಳಿಗೇ ಬರಬೇಕೆಂದು ಕೇಳಿಕೊಳ್ಳುತ್ತೇವೆ. ಹಂಚಿನಿಂದ ತಟ್ಟೆಗೆ ಬಂದ ರೊಟ್ಟಿಯನ್ನು, ಉಬ್ಬು ಇಳಿಯುವ ಮೊದಲೇ ಎಣ್ಣೆಗಾಯಿಯ ಜೊತೆ ಉಂಡು ನಿಮಗೂ ಬಹಳ ದಿನಗಳಾದವು.

ಕಡಕ್ ರೊಟ್ಟಿಯನ್ನು ಇನ್ನು ಮುಂದೆಯೂ ಮನೆಗಳಲ್ಲೇ ಮಾಡಲಾಗುತ್ತದೆ. ಚಿಕ್ಕ ಮಕ್ಕಳಿರುವವರು, ಮನೆಯಲ್ಲೇ ಇರಲು ಬಯಸುವವರು, ಹೀಗೆ ನಾಲ್ವರು ಆ ಕೆಲಸ ವಹಿಸಿಕೊಂಡಿದ್ದಾರೆ. ಮಗಳ ಲೆಕ್ಕ ಕೇಳುತ್ತಿದ್ದ ತಾಯಿ ಅವರಲ್ಲಿ ಒಬ್ಬಳು. ಅವರ ಸಂಬಳ ಖಾನಾವಳಿಯಲ್ಲಿ ಇರುವವರಿಗಿಂತ ಕಡಿಮೆ ಇರುವುದಿಲ್ಲ.

ಭಾನುವಾರ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಇದರಿಂದ ತಿಂಗಳ ಊಟದವರಿಗೆ ತೊಂದರೆ ಎಂದು ನಮಗೆ ಗೊತ್ತು. 2020ಕ್ಕೆ ಮೊದಲು ನಾವು ನಾಗರಪಂಚಮಿ, ದೀಪಾವಳಿ ಬಿಟ್ಟು ಬೇರೆ ದಿನ ಒಲೆ ಆರಿಸಿದವರಲ್ಲ. ರಾತ್ರಿ ಹತ್ತಕ್ಕೆ ಕೊನೆಯ ಪಂಕ್ತಿ ಎದ್ದ ಮೇಲೆ ಪಾತ್ರೆ ತಿಕ್ಕಿ ಮನೆ ಸೇರಿದರೆ ಹನ್ನೊಂದು. ಉಳಿದ ಒಂದು ರೊಟ್ಟಿಯನ್ನು ನಿಂತೇ ತಿಂದು ಮಲಗುತ್ತಿದ್ದೆವು. ಅದು ಹಾಗೆಯೇ ಎಂದು ಒಪ್ಪಿಕೊಂಡುಬಿಟ್ಟಿದ್ದೆವು. ಬುತ್ತಿಯ ದಿನಗಳಲ್ಲಿ ಏಳೂವರೆಗೆ ಡಬ್ಬಿಗಳು ಹೊರಟ ಮೇಲೆ ನಮ್ಮ ಕೈಗೆ ಕೆಲಸವಿರುತ್ತಿರಲಿಲ್ಲ. ಅಂಥ ಒಂದು ರಾತ್ರಿ ತಟ್ಟೆ ಹಾಕಿಕೊಂಡು ಕುಳಿತವಳನ್ನು ಅವಳ ಹನ್ನೆರಡು ವರ್ಷದ ಮಗ ದಿಟ್ಟಿಸಿ ನೋಡಿ, "ಅವ್ವಾ, ನೀನು ಕುಳಿತು ಉಣ್ಣುವುದನ್ನು ನಾನು ನೋಡಿಯೇ ಇರಲಿಲ್ಲ" ಎಂದನಂತೆ. ಮೂರನೆಯ ಸಭೆಯಲ್ಲಿ ಅವಳು ಇದನ್ನು ಹೇಳಿದಾಗ ಯಾರೂ ಮಾತಾಡಲಿಲ್ಲ. ಬೇರೆ ಎಲ್ಲದಕ್ಕೂ ವಾದ ಮಾಡಿದ ನಾವು, ವಾರದಲ್ಲಿ ಒಂದು ರಾತ್ರಿ ನಮ್ಮ ಮನೆಯವರ ಜೊತೆ ಕುಳಿತು ಉಣ್ಣಬೇಕು ಎಂಬ ಠರಾವಿಗೆ ಹದಿನಾಲ್ಕು ಕೈಗಳನ್ನೂ ಎತ್ತಿದೆವು. ಆ ಎರಡು ವರ್ಷಗಳಿಂದ ನಾವು ಇಟ್ಟುಕೊಳ್ಳಲು ಬಯಸುವುದು ಇದೊಂದನ್ನೇ. ಇದನ್ನು ನಮಗೆ ಬಿಟ್ಟುಕೊಡಿ.

ತಿಂಗಳ ಊಟದವರು ಭಾನುವಾರ ರಾತ್ರಿ ಉಪವಾಸ ಇರಬೇಕಾಗಿಲ್ಲ. ಮಧ್ಯಾಹ್ನ ಉಂಡು ಹೋಗುವಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಒಂದು ಈರುಳ್ಳಿ ಕಟ್ಟಿಕೊಡುತ್ತೇವೆ. ಅದಕ್ಕೆ ಹೆಚ್ಚಿನ ಹಣವಿಲ್ಲ.

ಬೆಲೆಯ ಬಗ್ಗೆ ಎರಡು ಮಾತು. ವಾಣಿಜ್ಯ ಗ್ಯಾಸ್ ಸಿಲಿಂಡರ್ ₹2,000 ದಾಟಿದೆ. ಯುಕ್ರೇನ್ ಯುದ್ಧ ಶುರುವಾದ ಮೇಲೆ ಸೂರ್ಯಕಾಂತಿ ಎಣ್ಣೆಯ ದರ ಏರುತ್ತಲೇ ಇದೆ. ಹಾಗಾಗಿ ಒಂದು ಊಟ ₹70 ಇದ್ದದ್ದು ₹80 ಆಗುತ್ತದೆ. ವಿದ್ಯಾರ್ಥಿಗಳಿಗೆ ಮಾತ್ರ ಜೂನ್ ಮುಗಿಯುವವರೆಗೆ ಹಳೆಯ ದರವೇ. ವೇಳೆ ಮಧ್ಯಾಹ್ನ 12ರಿಂದ 3, ರಾತ್ರಿ 7.30ರಿಂದ 9.30. ಸದಸ್ಯೆಯರೆಲ್ಲರಿಗೂ ಎರಡೂ ಡೋಸ್ ಲಸಿಕೆ ಆಗಿದೆ. ಬಾಗಿಲ ಹೊರಗೆ ಹಾಕಿಸಿದ ನಲ್ಲಿ ಅಲ್ಲೇ ಇರುತ್ತದೆ, ಕೈ ತೊಳೆದು ಒಳಗೆ ಬನ್ನಿ. ನಮ್ಮಲ್ಲಿ ಉಳಿದಿರುವ ನಿಮ್ಮ ಡಬ್ಬಿಗಳನ್ನು ತೊಳೆದು ಜೋಡಿಸಿ ಇಟ್ಟಿದ್ದೇವೆ, ಬಂದಾಗ ಒಯ್ಯಿರಿ.

ಕೊನೆಯದಾಗಿ ಆ ಹೋಳಿಗೆಯ ಮುಂಗಡ. 2020ರ ವಹಿಯನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ. ಹಣ ವಾಪಸ್ ಕೊಡಲು ಫೋನ್ ಮಾಡಿದಾಗ ನಿಮ್ಮಲ್ಲಿ ಹೆಚ್ಚಿನವರು "ಇರಲಿ ಬಿಡಿ, ನಿಮಗೇ ಬೇಕಾಗುತ್ತದೆ" ಎಂದಿರಿ. ಆ ಮಾತು ಆ ತಿಂಗಳು ನಮ್ಮನ್ನು ಎಷ್ಟು ಗಟ್ಟಿಯಾಗಿ ಹಿಡಿದು ನಿಲ್ಲಿಸಿತು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಆ ಎರಡು ಪುಟಗಳಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಈ ಯುಗಾದಿಯ ದಿನ ಹೇಳಿದಷ್ಟು ಹೋಳಿಗೆ ಕಟ್ಟಿ ಇಟ್ಟಿರುತ್ತೇವೆ. ಚೀಟಿ ಕಳೆದುಹೋಗಿದ್ದರೂ ಚಿಂತೆಯಿಲ್ಲ, ಹೆಸರು ಹೇಳಿದರೆ ಸಾಕು. ಯಾರಾದರೂ ಈಗ ನಮ್ಮೊಂದಿಗೆ ಇಲ್ಲವಾದರೆ ಮನೆಯವರು ಬಂದು ಒಯ್ಯಿರಿ. ಬೆಳಗ್ಗೆ ಹತ್ತರಿಂದ ಬಾಗಿಲು ತೆರೆದಿರುತ್ತದೆ.

ಹದಿನಾಲ್ಕು ಸದಸ್ಯೆಯರ ಪರವಾಗಿ,
ಕಾರ್ಯದರ್ಶಿ