ಹೊಸ ಬ್ಯಾಟರಿ ಕೊಳ್ಳುವ ಮೊದಲು ಹಳೆಯದನ್ನು ಅಳೆದು ನೋಡಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಹಿಡಿಯುತ್ತಿದ್ದಂತೆ ಬ್ಯಾಟರಿ ಅಂಗಡಿಗಳಿಗೆ ಕೈತುಂಬ ಕೆಲಸ. ಬೇಸಿಗೆಯ ಬಿಸಿಗೆ ಒಳಗೊಳಗೇ ಸವೆದ ಬ್ಯಾಟರಿ ತಂಪಾದ ಬೆಳಗಿನಲ್ಲಿ ಕೈಕೊಡುತ್ತದೆ. ಅದರ ಮೇಲೆ ವೈಪರ್, ಹೆಡ್‌ಲೈಟು, ಗಾಜಿನ ಮಂಜು ತೆಗೆಯುವ ಫ್ಯಾನು ಎಲ್ಲವೂ ಒಟ್ಟಿಗೆ ಓಡುವ ಕಾಲವದು. ಸೆಲ್ಫ್ ಹೊಡೆಯದಿದ್ದರೆ ನಾಲ್ಕೈದು ಸಾವಿರ ಕೊಟ್ಟು ಹೊಸದನ್ನು ಹಾಕಿಸಿಬಿಡುತ್ತೇವೆ. ಆದರೆ ಹೀಗೆ ಹೊರಬೀಳುವ ಬ್ಯಾಟರಿಗಳೆಲ್ಲ ಸತ್ತವಲ್ಲ. ಕೆಲವು ಬರಿದಾಗಿರುತ್ತವೆ ಅಷ್ಟೆ. ಇನ್ನು ಕೆಲವು ಕಡೆ ತಪ್ಪು ತಂತಿ ಕೂಡುವ ಟರ್ಮಿನಲ್ಲಿನದೋ, ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನದೋ ಆಗಿರುತ್ತದೆ, ಹೊಸ ಬ್ಯಾಟರಿಯೂ ಕೆಲವೇ ತಿಂಗಳಲ್ಲಿ ಅದೇ ಹಾದಿ ಹಿಡಿಯುತ್ತದೆ.

ಕಾರು ಇಟ್ಟುಕೊಂಡವರ ಮನೆಯಲ್ಲಿ ವೋಲ್ಟ್, ಆಂಪಿಯರ್ ಅಳೆಯುವ ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಇರಬೇಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಬೆಳಗ್ಗೆ, ಎಂಜಿನ್ ಮುಟ್ಟುವ ಮೊದಲು ಅಳೆಯಿರಿ. 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ ಎಂದರ್ಥ. 12.4 ಇದ್ದರೆ ಸುಮಾರು ಮುಕ್ಕಾಲು, 12.2 ಇದ್ದರೆ ಅರ್ಧ, 12ಕ್ಕೆ ಇಳಿದಿದ್ದರೆ ಕಾಲು ಭಾಗ. ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಹೋಗಿದೆ, ಅದಕ್ಕೆ ರಿಪೇರಿ ಇಲ್ಲ. ಮುಂದೆ, ಯಾರನ್ನಾದರೂ ಕೂರಿಸಿ ಸ್ಟಾರ್ಟ್ ಮಾಡಿಸಿ ಮೀಟರ್ ನೋಡಿ. ತುಂಬಿದ ಬ್ಯಾಟರಿ ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಶಕ್ತಿ ಉಡುಗಿದೆ. ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ಇರಬೇಕು. 15ರ ಹತ್ತಿರ ನಿಂತೇ ಇದ್ದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ನೀರು ಕುದ್ದು ಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದೂ ಅತಿ ಚಾರ್ಜಿನ ಲಕ್ಷಣವೇ. ಇತ್ತೀಚಿನ ಹಲವು ಕಾರುಗಳಲ್ಲಿ ಕಂಪ್ಯೂಟರ್ ಆಲ್ಟರ್ನೇಟರನ್ನು ಬೇಕೆಂದೇ ಏರಿಳಿಸುತ್ತದೆ. ಒಂದು ಸಲ 12.8 ಕಂಡಿತೆಂದು ಅದನ್ನು ಬಿಚ್ಚಿಸಬೇಡಿ, ಹೆಡ್‌ಲೈಟ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

ಇನ್ನೊಂದು ಅಳತೆಯನ್ನು ಗ್ಯಾರೇಜುಗಳಲ್ಲೂ ಮಾಡುವವರು ಕಡಿಮೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಒತ್ತಿ ಸ್ಟಾರ್ಟ್ ಮಾಡಿಸಿ. 0.3 ವೋಲ್ಟ್ ದಾಟಿದರೆ ಅರ್ಥ್ ಕೇಬಲ್ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರುಗಳಲ್ಲಿ ಇದನ್ನು ತಪ್ಪದೆ ನೋಡಬೇಕು.

‘ಕಾರು ಓಡಿಸದಿದ್ದರೂ ದಿನಾ ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿಡಿ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಇದನ್ನು ಲೆಕ್ಕ ಹಾಕಿ ನೋಡೋಣ. ಒಂದು ಸ್ಟಾರ್ಟಿಗೆ ಸುಮಾರು 150 ಆಂಪಿಯರ್ ಎರಡು ಸೆಕೆಂಡು ಹರಿಯಿತು ಎನ್ನಿ, ಖರ್ಚಾಗುವುದು (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್, ಅಂದರೆ ಎಎಚ್) 0.1 ಎಎಚ್‌ಗೂ ಕಡಿಮೆ. ಬೀಗ ಹಾಕಿ ನಿಲ್ಲಿಸಿದ ಕಾರು ಅಲಾರಂ, ರಿಮೋಟ್ ಲಾಕ್, ಗಡಿಯಾರ, ಕಂಪ್ಯೂಟರಿನ ನೆನಪಿಗಾಗಿ 20ರಿಂದ 50 ಮಿಲಿ ಆಂಪಿಯರ್ ಸದಾ ಎಳೆಯುತ್ತಲೇ ಇರುತ್ತದೆ. 50ರ ಲೆಕ್ಕದಲ್ಲಿ ದಿನಕ್ಕೆ 1.2 ಎಎಚ್. ಸಣ್ಣ ಕಾರಿನ 35 ಎಎಚ್ ಬ್ಯಾಟರಿ ಹದಿನೈದು ದಿನಕ್ಕೆ ಅರ್ಧ ಬರಿದು. ಎಂಜಿನ್ ನಿಧಾನವಾಗಿ ಓಡುವಾಗ ಬ್ಯಾಟರಿಗೆ ಆರು ಆಂಪಿಯರ್ ಸಿಗುತ್ತದೆ ಎಂದುಕೊಂಡರೂ ಹತ್ತು ನಿಮಿಷಕ್ಕೆ ಬರುವುದು ಒಂದು ಎಎಚ್. ಅಂದಂದಿನ ಸೋರಿಕೆಗೂ ಅದು ಸಾಲದು. ಸೈಲೆನ್ಸರಿನಲ್ಲಿ ನೀರು ನಿಲ್ಲುವುದು, ಪೆಟ್ರೋಲ್ ಸುಡುವುದು ಬೇರೆ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ. ಅದು ಆಗದು, ಎರಡು ಮೂರು ವಾರ ಊರಲ್ಲಿರುವುದಿಲ್ಲ ಎಂದಾದರೆ ಬ್ಯಾಟರಿ ತುಂಬಿಸಿ ನೆಗೆಟಿವ್ ತಂತಿ ಕಳಚಿ ಹೋಗಿ.

ಅರ್ಧ ಬರಿದಾಗಿ ನಿಲ್ಲುವುದರ ಮೇಲೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಚಾರ್ಜ್ ಇಳಿದಂತೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಮರಳಿ ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ, ಆ ಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪ್ಲೇಟಿನ ಅಷ್ಟು ಭಾಗ ಕೆಲಸಕ್ಕೆ ಬರುವುದಿಲ್ಲ.

ಸೋರಿಕೆ ಹೆಚ್ಚಿದೆಯೇ ಎಂದು ತಿಳಿಯಲು ಮೀಟರನ್ನು 10 ಆಂಪಿಯರ್ ಸ್ಥಾನಕ್ಕೆ ಹಾಕಿ, ಕಳಚಿದ ನೆಗೆಟಿವ್ ತಂತಿಗೂ ಕಂಬಕ್ಕೂ ನಡುವೆ ಜೋಡಿಸಿ. ಬಾನೆಟ್ ತೆರೆದೇ ಇರಲಿ, ಬಾಗಿಲು ಲಾಕ್ ಮಾಡಿ, ಕೀಲಿಯನ್ನು ದೂರ ಇಡಿ. ಕಾರಿನ ಪುಟ್ಟ ಕಂಪ್ಯೂಟರುಗಳಾದ ಮಾಡ್ಯೂಲುಗಳು ನಿದ್ರೆಗೆ ಜಾರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಮೀಟರ್ ಹಾಗಿರುವಾಗ ಸ್ಟಾರ್ಟ್ ಮಾಡಿದರೆ ಅದರ ಫ್ಯೂಸ್ ಸುಡುತ್ತದೆ. 50 ಮಿಲಿ ಆಂಪಿಯರಿಗಿಂತ ಮೇಲಿದ್ದರೆ ಮೊದಲ ಅನುಮಾನ ಆಮೇಲೆ ಹಾಕಿಸಿದ ವಸ್ತುಗಳ ಮೇಲಿರಲಿ: ಜಿಪಿಎಸ್ ಟ್ರ್ಯಾಕರ್, ಡ್ಯಾಶ್ ಕ್ಯಾಮೆರಾ, ಕೀಲಿ ತೆಗೆದರೂ ಆರದ ಮ್ಯೂಸಿಕ್ ಸಿಸ್ಟಂ. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವುದು ಹಳೆಯ ಕ್ರಮ. ಹೊಸ ಕಾರುಗಳಲ್ಲಿ ಹಾಗೆ ಕಿತ್ತರೆ ಮಾಡ್ಯೂಲ್ ಎಚ್ಚರವಾಗಿ ಲೆಕ್ಕ ಕೆಡುತ್ತದೆ. ಅಲ್ಲಿ ಫ್ಯೂಸಿನ ತಲೆಯ ಎರಡು ಚುಕ್ಕೆಗಳ ನಡುವೆ ಮಿಲಿ ವೋಲ್ಟ್ ಅಳೆದರೆ ಯಾವ ದಾರಿಯಲ್ಲಿ ಕರೆಂಟ್ ಹರಿಯುತ್ತಿದೆ ಎಂಬುದು ಸಿಕ್ಕಿಬೀಳುತ್ತದೆ.

ಬರಿದಾದ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಭಾಗದ ಕರೆಂಟು ಸಾಕು. 35 ಎಎಚ್‌ಗೆ ಮೂರೂವರೆ ಆಂಪಿಯರ್, ರಾತ್ರಿಯಿಡೀ. ಒಂದೇ ಗಂಟೆಯಲ್ಲಿ 20 ಆಂಪಿಯರ್ ನುಗ್ಗಿಸುವ ‘ಬೂಸ್ಟ್’ ಚಾರ್ಜಿಗೆ ಒಪ್ಪಬೇಡಿ, ಪ್ಲೇಟು ಕಾದು ಬಾಗುತ್ತದೆ. ತುಂಬಿದ ಮೇಲೆ ತಾನೇ ತಗ್ಗುವ ಸ್ಮಾರ್ಟ್ ಚಾರ್ಜರ್ ಹೊಸ ಬ್ಯಾಟರಿಗಿಂತ ಅಗ್ಗ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಜಾಗಕ್ಕೊಂದು ಪ್ಲಗ್ ಕೇಳಿದರೆ ನಿವಾಸಿಗಳ ಸಂಘಗಳು ಹಿಂದೇಟು ಹಾಕುತ್ತವೆ. 60 ವಾಟ್ ಬಲ್ಬಿನಷ್ಟು ವಿದ್ಯುತ್ತಿಗೆ ಇದು ಸಲ್ಲದ ಹಟ. ಸಂಘಗಳು ಬೇರೆ ವಿದ್ಯುತ್ ಮೀಟರ್ ಹಾಕಿಸಿಯಾದರೂ ಅನುಮತಿ ಕೊಡಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಆದ್ದರಿಂದ ಗಾಳಿಯಾಡುವ ಜಾಗವಿರಲಿ, ಹತ್ತಿರ ಬೆಂಕಿ ಬೇಡ. ಉಬ್ಬಿದ, ಒಡೆದ ಬ್ಯಾಟರಿಗೆ ಚಾರ್ಜರ್ ಹಚ್ಚಲೇಬೇಡಿ.

ಬಿಚ್ಚುವಾಗ ಮೊದಲು ನೆಗೆಟಿವ್, ಕೂಡಿಸುವಾಗ ಕೊನೆಗೆ ನೆಗೆಟಿವ್. ಪಾಸಿಟಿವ್ ಬಿಚ್ಚುತ್ತಿರುವ ಸ್ಪ್ಯಾನರ್ ಬಾಡಿಗೆ ತಗಲಿದರೂ ಆಗ ಕಿಡಿ ಹಾರುವುದಿಲ್ಲ. ಇನ್ನೊಂದು ಕಾರಿನಿಂದ ಜಂಪ್ ಮಾಡುವಾಗ ಕೆಂಪು ತಂತಿಯನ್ನು ಪಾಸಿಟಿವ್‌ನಿಂದ ಪಾಸಿಟಿವ್‌ಗೆ ಕೊಡಿ. ಕಪ್ಪು ತಂತಿಯ ಒಂದು ತುದಿ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ನಿಂತ ಕಾರಿನ ಎಂಜಿನ್ ಲೋಹಕ್ಕೆ. ಕೊನೆಯ ಕಿಡಿ ಬ್ಯಾಟರಿಯಿಂದ ದೂರ ಹಾರಲಿ ಎಂಬುದೇ ಉದ್ದೇಶ. ಟರ್ಮಿನಲ್ ಮೇಲಿನ ಬಿಳಿ, ನೀಲಿ-ಹಸಿರು ಪುಡಿಗೆ ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ಹಚ್ಚಿ ಉಜ್ಜಿ, ಒರೆಸಿ, ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು.

ಮುಚ್ಚಳ ಬಿಚ್ಚುವ ಬ್ಯಾಟರಿಯಿದ್ದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರು ನೋಡಿ. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನ ಕ್ಲೋರೈಡ್, ಕಬ್ಬಿಣ ಪ್ಲೇಟನ್ನು ತಿನ್ನುತ್ತವೆ, ಕುಡಿಯುವ ಬಾಟಲಿ ನೀರಿನಲ್ಲೂ ಲವಣಗಳಿರುತ್ತವೆ. ಆಸಿಡ್ ಸುರಿಯುವುದು ಇನ್ನೂ ದೊಡ್ಡ ತಪ್ಪು. ಆವಿಯಾಗಿ ಹೋಗಿದ್ದು ನೀರು, ಆಸಿಡ್ ಅಲ್ಲೇ ಇದೆ. ಪ್ಲೇಟು ಮುಳುಗುವಷ್ಟು ಮೊದಲು ಹಾಕಿ, ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಿಸಿ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಬಂದು ಟ್ರೇ ತುಕ್ಕು ಹಿಡಿಯುತ್ತದೆ. ಬ್ಯಾಟರಿಯ ಮೇಲೆ ಚಾರ್ಜ್ ತೋರಿಸುವ ಹಸಿರು ಕಣ್ಣನ್ನು ನೆಚ್ಚಬೇಡಿ, ಅದು ಹೇಳುವುದು ಒಂದೇ ಸೆಲ್ಲಿನ ಸ್ಥಿತಿ.

ಉಷ್ಣಾಂಶ 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನ ಹಳೆಯ ಸೂತ್ರ. ಕಲಬುರಗಿ, ರಾಯಚೂರಿನ 42 ಡಿಗ್ರಿ ಬಿಸಿಲಿನಲ್ಲಿ ಬಾನೆಟ್ಟಿನೊಳಗಿನ ಶಾಖ ಇನ್ನೂ ಹೆಚ್ಚು. ಕಂಪನಿ ಕೊಟ್ಟ ಬ್ಯಾಟರಿಯ ಕವಚವನ್ನು ಮೆಕ್ಯಾನಿಕ್ ‘ಬೇಡದ್ದು’ ಎಂದು ಎಸೆದರೆ ಕೇಳಿ ವಾಪಸು ಹಾಕಿಸಿ. ಕೆಳಗಿನ ಕ್ಲಾಂಪ್ ಬಿಗಿಯಾಗಿರಲಿ. ಗುಂಡಿ ಬಿದ್ದ ರಸ್ತೆಯಲ್ಲಿ ಕುಣಿಯುವ ಬ್ಯಾಟರಿಯ ಪ್ಲೇಟಿನಿಂದ ಪೇಸ್ಟ್ ಉದುರಿ, ತಳದಲ್ಲಿ ಸೇರಿ ಶಾರ್ಟ್ ಆಗುತ್ತದೆ.

ಸತ್ತ ಬ್ಯಾಟರಿಗೆ ಜೀವ ತುಂಬುವ ಪುಡಿ, ದ್ರಾವಣಗಳ ವಿಡಿಯೊಗಳು ಕನ್ನಡದಲ್ಲೂ ಓಡಾಡುತ್ತಿವೆ. ಎಪ್ಸಮ್ ಉಪ್ಪು, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಹಾಕಿ ಎನ್ನುತ್ತಾರೆ. ಈ ವಾದ ಹೊಸದಲ್ಲ. ಸೋಡಿಯಂ, ಮೆಗ್ನೀಸಿಯಂ ಸಲ್ಫೇಟುಗಳ ‘ಎಡಿ-ಎಕ್ಸ್2’ ಎಂಬ ಪುಡಿಯನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಪರೀಕ್ಷಿಸಿ ಪ್ರಯೋಜನವಿಲ್ಲ ಎಂದಿತು. 1953ರಲ್ಲಿ ಅದೇ ಕಾರಣಕ್ಕೆ ಸಂಸ್ಥೆಯ ನಿರ್ದೇಶಕ ಅಲೆನ್ ಆಸ್ಟಿನ್ ಅವರನ್ನು ಸರ್ಕಾರ ಹುದ್ದೆಯಿಂದ ಇಳಿಸಲು ಹೊರಟಿತು, ವಿಜ್ಞಾನಿಗಳು ತಿರುಗಿಬಿದ್ದ ಮೇಲೆ ಅವರು ಉಳಿದರು. ಅಂದೇ ತೀರ್ಮಾನವಾದ ಸಂಗತಿಯನ್ನು ನಮ್ಮ ಜನ ಇಂದು ದುಡ್ಡು ಕೊಟ್ಟು ಮತ್ತೆ ಪರೀಕ್ಷಿಸಬೇಕಿಲ್ಲ. ಈಚೆಗಷ್ಟೇ ಬರಿದಾದ ಬ್ಯಾಟರಿಯನ್ನು ಒಂದೆರಡು ಆಂಪಿಯರಿನಲ್ಲಿ ಒಂದೆರಡು ದಿನ ನಿಧಾನ ಚಾರ್ಜ್ ಮಾಡಿದರೆ ಸ್ವಲ್ಪ ಚೇತರಿಸಿಕೊಳ್ಳಬಹುದು, ಅಷ್ಟೇ.

ಪರ್ಯಾಯಗಳ ಮಾತಿಗೆ ಬಂದರೆ, ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ಆರಿ ಹೊತ್ತಿಕೊಳ್ಳುವ ಕಾರಿಗೆ ಇಎಫ್‌ಬಿ (ಸಾಮಾನ್ಯ ನೀರಿನ ಬ್ಯಾಟರಿಯ ಗಟ್ಟಿಮುಟ್ಟಾದ ರೂಪ) ಅಥವಾ ಎಜಿಎಂ (ಆಸಿಡನ್ನು ಗಾಜಿನ ನಾರಿನ ಹಾಸಿಗೆ ಹೀರಿಸಿ ಮುಚ್ಚಿದ್ದು) ಬ್ಯಾಟರಿಯೇ ಬೇಕು. ದುಡ್ಡು ಉಳಿಸಲು ಸಾಮಾನ್ಯದ್ದು ಹಾಕಿದರೆ ಬೇಗ ಸೋಲುತ್ತದೆ. ಎಜಿಎಂ ಒಳಗೆ ನೀರು ಹಾಕುವಂತಿಲ್ಲ, ಅತಿ ಚಾರ್ಜಾದರೆ ಹೋದದ್ದು ಹೋಯಿತು. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರಿನಿಂದ ನೋಂದಾಯಿಸಲೂ ಬೇಕು. ಲೀಥಿಯಂ ಐರನ್ ಫಾಸ್ಫೇಟ್ ಹಗುರ, ಆಯಸ್ಸೂ ಹೆಚ್ಚು. ಆದರೆ ಬೆಲೆ ಹಲವು ಪಟ್ಟು, ಬಾನೆಟ್ಟಿನ ಶಾಖ ಅದಕ್ಕೂ ಒಗ್ಗದು. ಒಳಗಿನ ರಕ್ಷಣಾ ಸರ್ಕ್ಯೂಟ್ ಎಂಜಿನ್ ಓಡುವಾಗ ಥಟ್ಟನೆ ಕಡಿತ ಮಾಡಿದರೆ ಆಲ್ಟರ್ನೇಟರಿನ ವೋಲ್ಟೇಜ್ ಜಿಗಿದು ಕಾರಿನ ಎಲೆಕ್ಟ್ರಾನಿಕ್ಸ್ ಸುಡಬಹುದು. ಸ್ಟಾರ್ಟಿಂಗಿಗೆಂದೇ ಮಾಡಿದ್ದಲ್ಲದೆ, ಸೋಲಾರಿಗೋ ಇ-ರಿಕ್ಷಾಕ್ಕೋ ಮಾಡಿದ ಪ್ಯಾಕನ್ನು ಕಾರಿಗೆ ಹಾಕುವವರ ಮಾತು ಕೇಳಬೇಡಿ. ಥಟ್ಟನೆ ಕರೆಂಟ್ ಕೊಟ್ಟು ಬೇಗ ಬರಿದಾಗುವ ಸೂಪರ್ ಕೆಪಾಸಿಟರ್ ಸೆಲ್ಫ್ ತಿರುಗಿಸೀತು, ರಾತ್ರಿಯಿಡೀ ಅಲಾರಂ ನಡೆಸಲಾರದು.

ವಿದ್ಯುತ್ ಕಾರು ಕೊಂಡವರೂ ಇದರಿಂದ ಹೊರತಲ್ಲ. ಹೆಚ್ಚಿನವುಗಳಲ್ಲಿ ಬಾಗಿಲು, ಕಂಪ್ಯೂಟರ್, ದೊಡ್ಡ ಪ್ಯಾಕನ್ನು ಕೂಡಿಸುವ ಸ್ವಿಚ್ಚು ಎಲ್ಲವೂ 12 ವೋಲ್ಟಿನ ಸಣ್ಣ ಬ್ಯಾಟರಿಯ ಮೇಲೆ ನಿಂತಿವೆ. ಅದು ಬರಿದಾದರೆ ಪ್ಯಾಕಿನಲ್ಲಿ ಶೇ 80 ಚಾರ್ಜ್ ಇದ್ದರೂ ಕಾರು ಅಲುಗದು. ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಕೈಪಿಡಿಯಲ್ಲಿ ಈ ಬಗ್ಗೆ ಏನಿದೆ ಎಂದು ಓದಿ.

ಹೊಸದನ್ನು ಕೊಳ್ಳಲೇಬೇಕಾದಾಗ ತಯಾರಾದ ತಿಂಗಳು ಕೇಳಿ, ಅಂಗಡಿಯಲ್ಲೇ ಮೀಟರ್ ಹಿಡಿಸಿ. 12.5ಕ್ಕಿಂತ ಕಡಿಮೆಯಿದ್ದರೆ ಚಾರ್ಜಿಲ್ಲದೆ ಕಪಾಟಿನಲ್ಲಿ ಕೂತದ್ದು, ಬೇರೆ ಕೊಡಿ ಎನ್ನಿ. ತಯಾರಿಕೆಯ ದಿನಾಂಕವನ್ನು ಗೂಢ ಸಂಕೇತದಲ್ಲಿ ಕೆತ್ತುವ ರೂಢಿ ಬಿಟ್ಟು, ಮಾತ್ರೆಯ ಸ್ಟ್ರಿಪ್ಪಿನ ಮೇಲಿರುವಂತೆ ತಿಂಗಳು, ವರ್ಷವನ್ನು ಓದುವ ಹಾಗೆ ಮುದ್ರಿಸಲು ಸರ್ಕಾರ ತಯಾರಕರಿಗೆ ಹೇಳಬೇಕು. ಹಳೆಯದನ್ನು ಗುಜರಿಯವರ ಚೀಲಕ್ಕೆ ಹಾಕಬೇಡಿ. ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸೀಸ. ಆಸಿಡನ್ನು ಚರಂಡಿಗೆ ಚೆಲ್ಲಿ ಬಯಲಲ್ಲಿ ಸೀಸ ಕರಗಿಸಿದರೆ ಅದರ ಧೂಳು ಸುತ್ತಲಿನ ಮಕ್ಕಳ ರಕ್ತ ಸೇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಟ್ಟ ಅಂಗಡಿಗೇ ಹಳೆಯದನ್ನು ಕೊಟ್ಟು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿ ಕಳೆಯಿಸಿಕೊಳ್ಳಿ.

– ಒಬ್ಬ ಆಟೊ ಎಲೆಕ್ಟ್ರಿಷಿಯನ್, ದಾವಣಗೆರೆ