ಯಮಲೂರಿನ ಟ್ಯಾಂಕರ್ ಮುಂದೆ ಸೀಮೆಸುಣ್ಣ ಹಿಡಿದಿದ್ದ ಅಣ್ಣನಿಗೆ

2022ರ ಸೆಪ್ಟೆಂಬರ್ ಮೊದಲ ವಾರ. ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ಮಳೆಗೆ ರಸ್ತೆಯೆಲ್ಲ ಕೆರೆ. ಅತ್ತ ನಗರಕ್ಕೆ ಕಾವೇರಿ ನೀರು ಕಳಿಸೋ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಪಂಪಿಂಗ್ ಸ್ಟೇಷನ್‌ಗೇ ನೀರು ನುಗ್ಗಿ, ಸುತ್ತ ಪ್ರವಾಹವಿದ್ದರೂ ನಲ್ಲಿಯಲ್ಲಿ ಕಾವೇರಿ ಇಲ್ಲ. ಆಗ ಬೀದಿಗೆ ಬಂದ 6000 ಲೀಟರ್ ಟ್ಯಾಂಕರ್ ಮುಂದೆ ನಿಂತು, ಹೆಸರೂ ಹೇಳದೆ ಹೋದ ಅಣ್ಣ, ನಿಮಗೆ ಬೀದಿಯವರೆಲ್ಲರ ನಮಸ್ಕಾರ.

ಸರದಿ ಬರುವಷ್ಟರಲ್ಲಿ ನೀರು ಮುಗಿದೀತು ಅನ್ನೋ ಭಯಕ್ಕೇ ನೂಕುನುಗ್ಗಲು ಶುರುವಾಗೋದು. ಭಯ ಸುಳ್ಳೂ ಅಲ್ಲ: 200 ಲೀಟರಿನ ಮೂವತ್ತು ಡ್ರಮ್ಮು ತುಂಬಿದರೆ ಗಾಡಿ ಖಾಲಿ. ನೀವು ಡ್ರಮ್ಮುಗಳನ್ನೆಲ್ಲ ಪಕ್ಕಕ್ಕಿಡಿಸಿದಿರಿ. ಮನೆಗೆ 20 ಲೀಟರಿನ ಎರಡೇ ಕ್ಯಾನ್. 60 ಮನೆಗೆ 2400 ಲೀಟರ್. ಎಲ್ಲರಿಗೂ ಸಿಕ್ಕ ಮೇಲೇ ಎರಡನೇ ಸುತ್ತು. ಕಾಂಪೌಂಡ್ ಗೋಡೆ ಮೇಲೆ ಮನೆ ನಂಬರ್, ಪಕ್ಕದಲ್ಲಿ ಗೀಟು. ಲೆಕ್ಕ ಕಣ್ಣೆದುರಿಗೇ ಇದ್ದರೆ ಯಾರು ಕೂಗಾಡ್ತಾರೆ?

ಸಂಪಿನ ವಿಷಯಕ್ಕಂತೂ ಎರಡು ಸಲ ನಮಸ್ಕಾರ. ಚರಂಡಿ ನೀರು ಸೇರಿದ ಸಂಪಿನಲ್ಲಿ ಮೋಟಾರ್ ಹಾಕಿದರೆ ಮೇಲಿನ ಟ್ಯಾಂಕು, ಪೈಪು ಎಲ್ಲಾ ಕೆಡುತ್ತೆ ಅಂತ ಮನೆಮನೆಗೆ ಹೋಗಿ ತಡೆದಿರಿ. ಖಾಲಿ ಮಾಡಿ, ಕೆಸರು ಬಳಿದು, ಗೋಡೆ ಉಜ್ಜಿ, ಒಳ್ಳೆ ನೀರು ತುಂಬಿ, ಸಾವಿರ ಲೀಟರಿಗೆ 20 ಗ್ರಾಂ ಬ್ಲೀಚಿಂಗ್ ಪೌಡರ್. ಅದನ್ನೂ ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯಷ್ಟೇ ಸುರಿಯಬೇಕು. ಅರ್ಧ ಗಂಟೆ ಮುಟ್ಟಬಾರದು. ಕುಡಿಯೋಕೆ ಕುದಿಸಿದ್ದೇ ಆಗಬೇಕು. ಬಾಯಿ ಬಿಚ್ಚಿಟ್ಟ ಹಳೇ ಪೊಟ್ಟಣ ಮೂಸಿ ನೋಡಿ, ಘಾಟಿಲ್ಲದ್ದನ್ನು ನೀವು ಎಸೆಸಿದ್ದು ಸರಿಯೇ, ಅದರಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ.

ಮಾರನೇ ದಿನದ ಟ್ಯಾಂಕರ್‌ಗೂ ಅದೇ ಗೋಡೆ, ಅದೇ ನಂಬರ್.